ನನ್ನ ಹೆಸರಲ್ಲಿ ಎರಡು ಎನ್‌ಕ್ವೈರಿ

ಜುಲೈ 12, ಶನಿವಾರ

ಅಕ್ಕನ ಮನೆಗೆ ಬಂದು ಎಂಟು ದಿನವಾಯಿತು. ಇವತ್ತಿನಿಂದ ಡೈರಿಯನ್ನು ಕನ್ನಡದಲ್ಲೇ ಬರೆಯಬೇಕು ಅಂತ ಅವಳ ಆರ್ಡರ್. "ನಿನ್ನ ಕನ್ನಡ ಕೇಳಿದ್ರೆ ನನ್ನ ಪೇಶೆಂಟುಗಳಿಗೆ ಇನ್ನೊಂದು ಕಡೆ ನೋವು ಶುರುವಾಗುತ್ತೆ ಕಣೋ" ಅಂದಳು. ಅವಳು ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟ್. ದಿನಕ್ಕೆ ಎರಡು ಶಿಫ್ಟು ಜನರ ಬೆನ್ನು, ಭುಜ, ಮಂಡಿ ಒತ್ತಿ ಬಂದು, ಮನೆಯಲ್ಲಿ ನನ್ನನ್ನು ಒತ್ತುತ್ತಾಳೆ. ಬೇಸಿಕಲಿ ಹತ್ತು ವರ್ಷ ಹಾಸ್ಟೆಲಿನಲ್ಲಿ ಇಂಗ್ಲಿಷಲ್ಲೇ ಹಸಿದು, ಇಂಗ್ಲಿಷಲ್ಲೇ ಉಗಿಸಿಕೊಂಡು ಬೆಳೆದವನು ನಾನು. ಒಂದು ಪ್ಯಾರಾ ಬರೆಯುವಷ್ಟರಲ್ಲಿ ಕೈ ನೋಯುತ್ತಿದೆ.

ಇವತ್ತು ಅಕ್ಕ ಒಂದು ಕ್ರೆಡಿಟ್ ಕಾರ್ಡ್ ಕೊಟ್ಟಳು. ಅದರ ಮೇಲೆ ನನ್ನ ಹೆಸರಿದೆ, ಆದರೆ ಅಕೌಂಟ್ ಅವಳದು. ಇಬ್ಬರಿಗೂ ಸೇರಿ ನಲವತ್ತು ಸಾವಿರ ಮಿತಿ.

"ಮನೆ ಸಾಮಾನು, ನಿನ್ನ ಪುಸ್ತಕ, ಎಲ್ಲಾ ಇದರಲ್ಲೇ ತಗೋ. ತಿಂಗಳಿಗೊಂದು ಬಿಲ್ ಬರುತ್ತೆ. ಮೆಸೇಜ್ ನಿನ್ನ ಫೋನಿಗೇ ಬರೋ ಹಾಗೆ ಮಾಡಿದೀನಿ. ಎಷ್ಟಾಯ್ತು ಹೇಳು, ದುಡ್ಡು ನಿನ್ನ ಅಕೌಂಟಿಗೆ ಹಾಕ್ತೀನಿ, ನೀನು ಕಟ್ಟು. ನಂಗೆ ಉಸಿರಾಡೋಕೂ ಪುರಸೊತ್ತಿಲ್ಲ."

"ನಾನಾ? ಕಟ್ಟೋದು? ಏನಾದ್ರೂ ಎಡವಟ್ಟಾದ್ರೆ?"

"ನಿಂಗೆ ಹದಿನೆಂಟು ವರ್ಷ ಮಿಸ್ಟರ್ ನಲವತ್ತೇಳು. ಬಿಲ್ ಕಟ್ಟೋಕೆ ವಾರ್ಡನ್ ಪರ್ಮಿಷನ್ ಬೇಕಾ?"

ನಲವತ್ತೇಳು ಹಾಸ್ಟೆಲಿನಲ್ಲಿ ನನ್ನ ಬಟ್ಟೆಗಳ ಮೇಲೆ ಹೊಲಿದಿದ್ದ ನಂಬರು. ಬಂದ ದಿನವೇ ನನ್ನ ಟವೆಲ್ ನೋಡಿದಳು. ಅವತ್ತಿನಿಂದ ಅದೇ ನನ್ನ ಹೆಸರು.

ಹಾಸ್ಟೆಲಿನಲ್ಲಿ ಟರ್ಮ್ ಮುಗಿದಾಗಲೆಲ್ಲ ರಿಪೋರ್ಟ್ ಮನೆಗೆ, ಅಪ್ಪನ ಹೆಸರಿಗೆ ಹೋಗುತ್ತಿತ್ತು. ಅದರ ಕೊನೆಯ ಕಾಲಂ: ನಡತೆ. ಅಭ್ಯಾಸ ಬಿಡಬಾರದು ಅಂತ ಇಲ್ಲೂ ನಾನೇ ಹಾಕಿಕೊಳ್ಳುತ್ತಿದ್ದೇನೆ.

ನಡತೆ: ಎ ಮೈನಸ್. (ಮೈನಸ್ ಯಾಕೆಂದರೆ ಕಾರ್ಡ್ ತೆಗೆದುಕೊಳ್ಳುವಾಗ ಅಟೆನ್ಷನ್‌ನಲ್ಲಿ ಎದ್ದು ನಿಂತೆ.)

ಜುಲೈ 15, ಮಂಗಳವಾರ

ಕಾಲೇಜಿನ ಗೇಟಿನ ಹತ್ತಿರ ಟೈ ಕಟ್ಟಿದ ಒಬ್ಬರು ಟೇಬಲ್ ಹಾಕಿಕೊಂಡು ನಿಂತಿದ್ದರು. ಕಾರ್ಡಿಗೆ ಅರ್ಜಿ ಹಾಕಿದರೆ ಬ್ಯಾಗ್ ಫ್ರೀ. ನನಗೆ ಆಲ್ರೆಡಿ ಕಾರ್ಡ್ ಇದೆ ಸರ್ ಅಂದೆ. "ಕಾರ್ಡ್ ಇರಬಹುದು, ಬ್ಯಾಗ್ ಇದೆಯಾ?" ಅಂದರು. ಇರಲಿಲ್ಲ. ಸಹಿ ಮಾಡಿದೆ.

ಹತ್ತು ಹೆಜ್ಜೆ ಮುಂದೆ ಇನ್ನೊಂದು ಬ್ಯಾಂಕಿನ ಟೇಬಲ್, ಇನ್ನೊಂದು ಟೈ. ಅವರು ಕೊಡೆ ಕೊಟ್ಟರು. ಬೇಡ ಅಂದರೆ ಅವರಿಗೆ ಬೇಜಾರಾಗುತ್ತೇನೋ ಅನ್ನಿಸಿತು. ಅಲ್ಲೂ ಸಹಿ ಮಾಡಿದೆ.

ಬ್ಯಾಗಿನ ಜಿಪ್ ಮನೆ ಸೇರುವಷ್ಟರಲ್ಲಿ ಕಿತ್ತುಹೋಯಿತು.

ನಡತೆ: ಬಿ.

ಜುಲೈ 24

ಎರಡೂ ಅರ್ಜಿ ರಿಜೆಕ್ಟ್ ಆಗಿವೆ ಅಂತ ಮೆಸೇಜ್. ಬ್ಯಾಗ್ ವಾಪಸ್ ಕೇಳಿಲ್ಲ. ಅಕ್ಕನಿಗೆ ಹೇಳಲಿಲ್ಲ. ನಡತೆ: ಬಿ ಮೈನಸ್.

ಆಗಸ್ಟ್ 2, ಶನಿವಾರ

ಕ್ಲಾಸಿನಲ್ಲಿದ್ದಾಗ ಮೆಸೇಜ್ ಬಂತು: ನಿಮ್ಮ ಸ್ಟೇಟ್‌ಮೆಂಟ್ ಸಿದ್ಧವಾಗಿದೆ.

ಕಾಲು ತಣ್ಣಗಾಯಿತು. ಹಾಸ್ಟೆಲಿನಲ್ಲಿ ಸ್ಟೇಟ್‌ಮೆಂಟ್ ಅಂದರೆ ಒಂದೇ ಅರ್ಥ. ಸ್ಟೋರ್ ರೂಮಿನಿಂದ ಬಿಸ್ಕೆಟ್ ಕಾಣೆಯಾದರೆ ಎನ್‌ಕ್ವೈರಿ ಇಡುತ್ತಿದ್ದರು. ಎಲ್ಲರೂ ವಾರ್ಡನ್ ರೂಮಿನ ಹೊರಗೆ ಕ್ಯೂ ನಿಂತು, ಒಬ್ಬೊಬ್ಬರೇ ಒಳಗೆ ಹೋಗಿ ಸ್ಟೇಟ್‌ಮೆಂಟ್ ಬರೆದುಕೊಡಬೇಕಿತ್ತು. ನಾನು ಒಂದೇ ಒಂದು ಬಿಸ್ಕೆಟ್ ಕದ್ದವನಲ್ಲ. ಆದರೂ ಪ್ರತಿ ಸಲ ನನ್ನ ಸ್ಟೇಟ್‌ಮೆಂಟೇ ಎಲ್ಲರಿಗಿಂತ ಉದ್ದ ಇರುತ್ತಿತ್ತು. ಈಗ ಯಾರು ನನ್ನ ಮೇಲೆ ಬರೆದುಕೊಟ್ಟರು? ಜಿಪ್ ಬ್ಯಾಗಿನವರಾ?

ಟಾಯ್ಲೆಟ್‌ಗೆ ಹೋಗಿ ತೆರೆದು ನೋಡಿದೆ. ಬರೀ ಬಿಲ್ಲು! ಅಷ್ಟಕ್ಕೆ ಯಾಕೆ ಹಾಗೆ ಹೆದರಿಸುವುದು?

ಒಟ್ಟು ಬಾಕಿ: 18,400. ಅದರ ಕೆಳಗೇ ಇನ್ನೊಂದು ಸಾಲು. ಕನಿಷ್ಠ ಬಾಕಿ: 920.

ಎರಡು ನಿಮಿಷ ಯೋಚಿಸಿದೆ. ಆಮೇಲೆ ಹೊಳೆಯಿತು. ಮ್ಯಾಕ್ಸಿಮಮ್ ಮಾರ್ಕ್ಸು ನೂರು, ಮಿನಿಮಮ್ ಮೂವತ್ತೈದು. ಮೂವತ್ತೈದು ಬಂದರೆ ಪಾಸು. ಹಾಗೇ ಇದು! ಒಂಬೈನೂರ ಇಪ್ಪತ್ತು ಕಟ್ಟಿದರೆ ಪಾಸು; ಪೂರ್ತಿ ಕಟ್ಟುವುದು ರ‍್ಯಾಂಕ್ ಬರುವವರ ಚಟ. ಅಕ್ಕನಿಗೆ ರ‍್ಯಾಂಕ್ ಯಾಕೆ ಬೇಕು?

ಆದರೂ ಗಡಿಯಲ್ಲಿ ಪಾಸಾಗುವುದು ಮರ್ಯಾದೆ ಅಲ್ಲ. ಐದು ಸೇರಿಸಿ 925 ಕಟ್ಟಿದೆ. ಒಟ್ಟು ಎಷ್ಟು ಅಂತ ಹೇಳಿದಾಗ ಅಕ್ಕ ಹಾಕಿದ್ದ ಹದಿನೆಂಟು ಸಾವಿರದ ನಾನೂರರಲ್ಲಿ 17,475 ಉಳಿಯಿತು.

ಇದನ್ನು ನಾನು ತಿನ್ನುವುದಿಲ್ಲ. ಇದಕ್ಕೊಂದು ಪ್ಲಾನ್ ಇದೆ. ನಾಳೆ ಬರೆಯುತ್ತೇನೆ, ಅಕ್ಕ ಬಾಗಿಲು ಬಡಿಯುತ್ತಿದ್ದಾಳೆ.

ನಡತೆ: ಎ.

ಆಗಸ್ಟ್ 3, ಭಾನುವಾರ

ಪ್ಲಾನ್ ಇದು. ನಮ್ಮ ಮನೆಯ ಕೆಳಗೆ ಬೀದಿಗೆ ಮುಖ ಮಾಡಿ ಒಂದು ರೂಮಿದೆ. ಅದು ಕೀಲಿ ತಾತನ ಅಂಗಡಿ. ನಲವತ್ತು ವರ್ಷದಿಂದ ಅಲ್ಲಿ ಕೂತು ಕೀಲಿಕೈ ಮಾಡುತ್ತಿದ್ದಾರೆ. ಬಿಲ್ಡಿಂಗೂ ಅವರದೇ. ಅಂಗಡಿ ಮುಚ್ಚುತ್ತಾರಂತೆ. ಆ ರೂಮಿನಲ್ಲಿ ಅಕ್ಕ ಸ್ವಂತ ಕ್ಲಿನಿಕ್ ಇಡಬೇಕು ಅಂತ ಇದ್ದಾಳೆ. ಬ್ಯಾಂಕ್ ಸಾಲಕ್ಕೆ ಅರ್ಜಿ ಹಾಕುತ್ತಾಳೆ. ಸೆಪ್ಟೆಂಬರ್ ಮೂವತ್ತರೊಳಗೆ ತಾತನಿಗೆ ಅಡ್ವಾನ್ಸ್ ಕೊಡಬೇಕು, ಇಲ್ಲದಿದ್ದರೆ ತಾತನ ಅಳಿಯ ಅಲ್ಲಿ ಮೊಬೈಲ್ ಅಂಗಡಿ ಇಡುತ್ತಾನೆ.

"ನಿಮ್ಮಕ್ಕನಿಗೇ ಕೊಡೋ ಆಸೆ ಕಣಪ್ಪಾ" ಅಂದರು ತಾತ, ಬಲಗೈ ತಲೆ ಮೇಲಕ್ಕೆ ಎತ್ತಿ ತೋರಿಸುತ್ತ. "ಈ ಕೈ ನೋಡು. ಎರಡು ವರ್ಷದಿಂದ ಭುಜಕ್ಕಿಂತ ಮೇಲೆ ಹೋಗ್ತಿರ್ಲಿಲ್ಲ. ಆಯಮ್ಮ ತಿರುಚಿ ತಿರುಚಿ ಬೀಗ ತೆಗೆದ ಹಾಗೆ ತೆಗೆದ್ಲು. ನನ್ನ ಅಳಿಯ ಏನು ತೆಗೀತಾನೆ? ಪ್ರಾಣ ತೆಗೀತಾನೆ."

ರಾತ್ರಿ ಪಾಳಿ ಮುಗಿಸಿ ಬರುವಾಗ ಅಕ್ಕ ಆ ರೂಮಿನ ಷಟರ್ ಮೇಲೆ ಒಂದು ಸಲ ಕೈಯಾಡಿಸಿ ಮೆಟ್ಟಿಲು ಹತ್ತುತ್ತಾಳೆ. ನಾನು ನೋಡಿದ್ದು ಅವಳಿಗೆ ಗೊತ್ತಿಲ್ಲ.

ಕ್ಲಿನಿಕ್‌ಗೆ ಪೇಶೆಂಟ್ ಮಲಗುವ ಮಂಚ ಬೇಕು, ಮುಖ ಇಡಲು ತೂತು ಇರುವಂಥದ್ದು. ಒಳ್ಳೆಯದಕ್ಕೆ ಮೂವತ್ತೆರಡು ಸಾವಿರ. ಪಾಸ್ ಮಾರ್ಕ್ ಕಟ್ಟಿ ಉಳಿಸಿದ್ದರಲ್ಲಿ ನಾನೇ ತರುತ್ತೇನೆ. ಸರ್‌ಪ್ರೈಸ್.

ನಡತೆ: ಎ ಪ್ಲಸ್. ಜೀವನದಲ್ಲಿ ಮೊದಲ ಸಲ.

ಸೆಪ್ಟೆಂಬರ್ 3, ಬುಧವಾರ

ಎರಡನೇ ಸ್ಟೇಟ್‌ಮೆಂಟ್. ಈ ಸಲ ಹೆದರಿಕೆ ಆಗಲಿಲ್ಲ, ಆಕ್ಚುಲಿ ಸ್ವಲ್ಪ ಆಯಿತು.

ಒಟ್ಟು 33,545. ಹೋದ ಸಲದ್ದು 17,475 ಇದೆ, ಈ ತಿಂಗಳು ಕೊಂಡಿದ್ದು 15,000. ಜೊತೆಗೆ ಚಾರ್ಜು ಅಂತ 1,070. ಹಾಸ್ಟೆಲಿನಲ್ಲೂ ಹೀಗೇ, ಲಾಂಡ್ರಿ ಚಾರ್ಜು, ಒಡೆದ ಲೋಟದ ಚಾರ್ಜು, ಏನೂ ಒಡೆಯದಿದ್ದರೆ ಮೇಂಟೆನೆನ್ಸ್ ಚಾರ್ಜು. ಕೇಳಬಾರದು.

ಕೆಳಗೆ ಒಂದು ದುಂಡನೆ ಚಿತ್ರ ಇತ್ತು: ಮಿತಿಯಲ್ಲಿ ಬಳಸಿದ್ದು ಶೇಕಡಾ 84. ಡಿಸ್ಟಿಂಕ್ಷನ್! ಮೆಸ್ಸಿನಲ್ಲಿ ತಟ್ಟೆಗೆ ಬಡಿಸಿದ್ದನ್ನು ಬಿಟ್ಟವರ ಹೆಸರು ನೋಟಿಸ್ ಬೋರ್ಡಿನಲ್ಲಿ ಹಾಕುತ್ತಿದ್ದರು. ಬ್ಯಾಂಕಿನವರು ನಲವತ್ತು ಸಾವಿರ ಬಡಿಸಿದ್ದಾರೆ. ಅರ್ಧಂಬರ್ಧ ಬಿಟ್ಟರೆ ಅವರಿಗೆ ಹೇಗನ್ನಿಸಬೇಡ?

ಅಕ್ಕ ತೂತು ಬಿದ್ದಿದ್ದ ಸಾಕ್ಸ್ ಹಾಕಿಕೊಳ್ಳುತ್ತ ಕೇಳಿದಳು, "ಈ ತಿಂಗಳು ಎಷ್ಟಾಯ್ತೋ?"

"ಹದಿನೈದು ಸಾವಿರ."

ಸುಳ್ಳಲ್ಲ. ಈ ತಿಂಗಳದ್ದು ಅಷ್ಟೇ ತಾನೇ. ಅವಳು ಅಷ್ಟು ಹಾಕಿದಳು. ಕನಿಷ್ಠ ಬಾಕಿ 1,677 ಇತ್ತು. ಐದು ಸೇರಿಸಿ 1,682 ಕಟ್ಟಿದೆ. ಮಂಚದ ಫಂಡ್ ಈಗ 30,793.

ಅಕ್ಕನ ಸಾಕ್ಸಿನ ವಿಷಯ: ಮಂಚದ ಜೊತೆ ಒಂದು ಜೊತೆ ಸಾಕ್ಸೂ ತರಬೇಕು.

ನಡತೆ: ಎ ಪ್ಲಸ್.

ಸೆಪ್ಟೆಂಬರ್ 19, ಶುಕ್ರವಾರ

ಸಾಲ ಸಿಗಲಿಲ್ಲ.

ಮಧ್ಯಾಹ್ನ ಅಕ್ಕ ಆಸ್ಪತ್ರೆಯಿಂದ ಬಂದು ಬ್ಯಾಗ್ ಕೂಡ ಇಳಿಸದೆ ಕುರ್ಚಿಯಲ್ಲಿ ಕೂತಳು. "ನನ್ನ ಕ್ರೆಡಿಟ್ ರಿಪೋರ್ಟಲ್ಲಿ ಸ್ಕೋರ್ ಸಾಲದಂತೆ ಕಣೋ. ಏಳುನೂರ ಇಪ್ಪತ್ತಾದ್ರೂ ಬೇಕಂತೆ. ಜೂನಲ್ಲಿ ಏಳುನೂರ ಐವತ್ತು ಇತ್ತು. ಈಗ ಆರುನೂರ ತೊಂಬತ್ತು ಅಂತಿದಾರೆ. ನಾನೇನು ಮಾಡಿದೆ? ಒಂದು ಬಿಲ್ ಬಿಟ್ಟಿಲ್ಲ. ಅಲ್ವೇನೋ?"

"ಒಂದೂ ಬಿಟ್ಟಿಲ್ಲ" ಅಂದೆ.

ಜಾಮೀನಿಗೆ ಯಾರಾದರೂ ಇದ್ದರೆ ನೋಡೋಣ ಅಂದರಂತೆ ಬ್ಯಾಂಕಿನವರು. ಅಪ್ಪನ ಹೆಸರು ಕೊಟ್ಟಿದ್ದಳು. ಅಪ್ಪ ನಮ್ಮೂರಿನ ಬಸ್‌ಸ್ಟ್ಯಾಂಡಿನಲ್ಲಿ ಕಿಟಕಿ ಹಿಂದೆ ಕೂತು, ಯಾವ ಬಸ್ಸು ಎಷ್ಟು ಗಂಟೆಗೆ ಅಂತ ಹೇಳುವ ಕೆಲಸದವರು. ಜೀವನದಲ್ಲಿ ಯಾರ ಹತ್ತಿರವೂ ಸಾಲ ಮಾಡಿದವರಲ್ಲ. ಬ್ಯಾಂಕಿನವರು ಅವರ ರಿಪೋರ್ಟ್ ತೆಗೆದು ನೋಡಿ, ಇವರಿಗೆ ಹಿಸ್ಟರಿನೇ ಇಲ್ಲ ಅಂದರಂತೆ.

ಅಕ್ಕ ಫೋನನ್ನು ಸ್ಪೀಕರ್‌ಗೆ ಹಾಕಿ ಇದನ್ನು ಹೇಳಿದಳು.

"ಹಿಸ್ಟರಿ ಇಲ್ವಂತಾ?" ಅಂದರು ಅಪ್ಪ. "ಮೂವತ್ತೊಂದು ವರ್ಷ ಆಯ್ತಮ್ಮ ಆ ಕಿಟಕೀಲಿ. ಮೂರು ಸಲ ಕಿಟಕಿ ಬದಲಾಯಿಸಿದ್ರು, ನನ್ನನ್ನ ಬದಲಾಯಿಸ್ಲಿಲ್ಲ. ನನಗೆ ಹಿಸ್ಟರಿ ಇಲ್ವಾ?"

"ಅಪ್ಪಾ, ಸಾಲ ತಗೊಂಡು ತೀರಿಸಿದ ಹಿಸ್ಟರಿ ಅಂತ."

"ಸಾಲ ಮಾಡಿಲ್ಲ ಅಂತ ಸಾಲಕ್ಕೆ ನಂಬಲ್ಲ. ಬಸ್ ಹತ್ತಿಲ್ದೇ ಇರೋನಿಗೆ ಟಿಕೆಟ್ ಕೊಡಲ್ಲ ಅಂದ ಹಾಗಾಯ್ತಲ್ಲ ಇದು!"

ಹಿಂದಿನಿಂದ ಅಮ್ಮನ ದನಿ: "ನಾನು ಆವಾಗ್ಲೇ ಹೇಳಿದ್ದೆ, ಒಂದು ಫ್ರಿಜ್ಜಾದ್ರೂ ಕಂತಲ್ಲಿ ತಗೊಳ್ಳೋಣ ಅಂತ."

ಅಕ್ಕ ನಕ್ಕಳು. ಫೋನ್ ಇಟ್ಟಮೇಲೆ ನಗು ಹೋಯಿತು. ಎರಡನೇ ಶಿಫ್ಟಿಗೆ ಹೊರಟವಳು ಷಟರ್ ಕಡೆ ನೋಡಲೇ ಇಲ್ಲ. ಮೇಲಿನಿಂದ ನೋಡುತ್ತಿದ್ದೆ.

ನಡತೆ ಹಾಕಲು ಮನಸ್ಸಿಲ್ಲ.

ಸೆಪ್ಟೆಂಬರ್ 20, ಶನಿವಾರ

ಗೊತ್ತಾಯಿತು. ಎಲ್ಲ ನನ್ನಿಂದಲೇ.

ಲೈಬ್ರರಿಯ ಕಂಪ್ಯೂಟರಿನಲ್ಲಿ ನನ್ನ ಹೆಸರು ಹಾಕಿ ನನ್ನ ರಿಪೋರ್ಟ್ ತೆಗೆದೆ. ಸ್ಕೋರ್ ಅನ್ನುವ ಕಡೆ ಒಂದು ಗೀಟು. ಅದರ ಕೆಳಗೆ:

ಎನ್‌ಕ್ವೈರಿ: 2.

ಎರಡು ಎನ್‌ಕ್ವೈರಿ. ಎರಡಕ್ಕೂ ದಿನಾಂಕ ಜುಲೈ 15. ಬ್ಯಾಗು. ಕೊಡೆ. ನಾನು ಇಲ್ಲಿ ಆರಾಮಾಗಿ ಡಿಸ್ಟಿಂಕ್ಷನ್ ಅಂತ ಕುಣಿಯುತ್ತಿದ್ದಾಗ, ಎರಡು ತಿಂಗಳಿಂದ ನನ್ನ ಮೇಲೆ ಎರಡು ಬ್ಯಾಂಕುಗಳಲ್ಲಿ ಎನ್‌ಕ್ವೈರಿ ನಡೆಯುತ್ತಿದೆ! ಒಂದೇ ಮನೆ, ಒಂದೇ ವಿಳಾಸ. ತಮ್ಮನ ಮೇಲೆ ಎನ್‌ಕ್ವೈರಿ ಇರುವಾಗ ಅಕ್ಕನಿಗೆ ಯಾರು ಸಾಲ ಕೊಡುತ್ತಾರೆ?

ಪಕ್ಕದ ಕಂಪ್ಯೂಟರಿನ ಹುಡುಗಿ "ಆರ್ ಯು ಓಕೆ?" ಅಂದಳು. ಇಡೀ ಸೆಮಿಸ್ಟರಿನಲ್ಲಿ ಅವಳು ನನ್ನ ಜೊತೆ ಆಡಿದ ಮೊದಲ ಮಾತು. ನಾನು "ಪ್ರೆಸೆಂಟ್ ಮಿಸ್" ಅಂದೆ.

ಸೋಮವಾರ ಅಕ್ಕನ ಬ್ಯಾಂಕಿಗೆ ಹೋಗಿ ನಾನಾಗಿಯೇ ಶರಣಾಗುತ್ತೇನೆ. ಕರೆಯುವ ಮೊದಲೇ ಹೋದವರಿಗೆ ವಾರ್ಡನ್ ಅರ್ಧ ಶಿಕ್ಷೆ ಕಡಿಮೆ ಮಾಡುತ್ತಿದ್ದರು. ಸ್ಟೇಟ್‌ಮೆಂಟ್ ಬರೆದಿಟ್ಟಿದ್ದೇನೆ. ಕಾಪಿ:

*ಗೌರವಾನ್ವಿತ ಮ್ಯಾನೇಜರ್ ಅವರಿಗೆ,*

*ನನ್ನ ಮೇಲಿನ ಎರಡು ಎನ್‌ಕ್ವೈರಿಗಳ ಬಗ್ಗೆ ಈ ಮೂಲಕ ಹೇಳಿಕೊಳ್ಳುವುದೇನೆಂದರೆ, ದಿನಾಂಕ ಜುಲೈ 15ರಂದು ಒಂದು ಬ್ಯಾಗಿನ ಆಸೆಗೂ, ಒಂದು ಕೊಡೆಯ ದಾಕ್ಷಿಣ್ಯಕ್ಕೂ ನಾನು ಸಹಿ ಮಾಡಿದ್ದು ನಿಜ. ಬ್ಯಾಗಿನ ಜಿಪ್ ಹಾಗೂ ಕೊಡೆಯ ಮೂರು ಕಡ್ಡಿಗಳನ್ನು ಬಿಟ್ಟು ಉಳಿದ ಭಾಗಗಳನ್ನು ಹಿಂದಿರುಗಿಸಲು ಸಿದ್ಧನಿದ್ದೇನೆ. ಇದರಲ್ಲಿ ನನ್ನ ಅಕ್ಕನ ಕೈವಾಡವಿಲ್ಲ. ಅವಳು ಬಿಲ್ಲನ್ನು ತಪ್ಪದೆ ಕಟ್ಟಿಸಿದ್ದಾಳೆ. ಪುರಾವೆಗೆ ಎರಡು ತಿಂಗಳ ಬಿಲ್ಲು ಮತ್ತು ರಸೀದಿ ಲಗತ್ತಿಸಿದೆ. ಶಿಕ್ಷೆ ಏನಿದ್ದರೂ ನನಗೆ ಮಾತ್ರ.*

ನಡತೆ: ಎಫ್.

ಸೆಪ್ಟೆಂಬರ್ 22, ಸೋಮವಾರ

ಎಲ್ಲಿಂದ ಶುರುಮಾಡಲಿ.

ಬ್ಯಾಂಕಿನಲ್ಲಿ ಮ್ಯಾನೇಜರ್ ಇರಲಿಲ್ಲ. ನಾಲ್ಕನೇ ಕೌಂಟರಿಗೆ ಹೋಗಿ ಅಂದರು. ಅಲ್ಲಿನ ಮೇಡಂ ಕನ್ನಡಕವನ್ನು ತಲೆ ಮೇಲೆ ಸಿಕ್ಕಿಸಿಕೊಂಡು, ಮೇಜಿನ ಮೇಲೆಲ್ಲ ಕನ್ನಡಕ ಹುಡುಕುತ್ತಿದ್ದರು. ಹೇಳಿದರೆ ಅಧಿಕಪ್ರಸಂಗ ಆಗುತ್ತೇನೋ ಅಂತ ಸುಮ್ಮನೆ ನಿಂತೆ. ಕೊನೆಗೆ ಅವರೇ ತಲೆ ಕೆರೆದುಕೊಂಡಾಗ ಸಿಕ್ಕಿತು.

ಕೊಡೆಯನ್ನು ಕೌಂಟರ್ ಮೇಲಿಟ್ಟು, ಬ್ಯಾಗಿನಿಂದ ಪತ್ರ ತೆಗೆದು ಕೊಟ್ಟೆ. ಓದಿದರು. ಇನ್ನೊಂದು ಸಲ ಓದಿದರು. ಅವರ ಭುಜ ಕುಲುಕತೊಡಗಿತು. ಅಳುತ್ತಿದ್ದಾರೆ ಅಂದುಕೊಂಡೆ.

"ಪೊಲೀಸ್ ಸ್ಟೇಷನ್ ಪಕ್ಕದ ಬಿಲ್ಡಿಂಗು ಕಣಪ್ಪಾ" ಅಂದರು ಕಣ್ಣೊರೆಸಿಕೊಳ್ಳುತ್ತ. "ಯಾರು ಹೇಳಿದ್ದು ನಿಂಗೆ ಎನ್‌ಕ್ವೈರಿ ಅಂದ್ರೆ ಹಿಡಿದು ಹಾಕೋದು ಅಂತ?"

"ಹಾಸ್ಟೆಲಲ್ಲಿ ಮೇಡಂ..."

"ನೀನು ಕಾರ್ಡಿಗೆ ಅರ್ಜಿ ಹಾಕಿದೆ. ಇವನು ಹೇಗೆ ಅಂತ ಅವರು ನಿನ್ನ ರಿಪೋರ್ಟ್ ತೆಗೆದು ನೋಡಿದ್ರು. ನೋಡಿದ್ದಕ್ಕೆ ಒಂದು ಗುರುತು ಬಿತ್ತು. ಅಷ್ಟೇ! ಪದೇ ಪದೇ ಹಾಕ್ಬೇಡ, ದುಡ್ಡಿಗೆ ಪರದಾಡ್ತಿದಾನೆ ಅನ್ಕೋತಾರೆ. ಎರಡಕ್ಕೆ ಏನೂ ಆಗಲ್ಲ. ಅದೂ ನಿನ್ನ ರಿಪೋರ್ಟಲ್ಲಿ, ನಿಮ್ಮಕ್ಕನದಕ್ಕೆ ಸಂಬಂಧನೇ ಇಲ್ಲ. ಬಸ್‌ಸ್ಟ್ಯಾಂಡಲ್ಲಿ ಬೋರ್ಡ್ ನೋಡಿಲ್ವಾ? ವಿಚಾರಣೆ ಅಂತ ದೊಡ್ಡದಾಗಿ ಬರ್ದಿರುತ್ತೆ. ಅಲ್ಲಿ ಯಾರನ್ನಾದ್ರೂ ಬೆಂಚ್ ಮೇಲೆ ನಿಲ್ಲಿಸ್ತಾರಾ?"

ಆ ಬೋರ್ಡು ನನಗೆ ಗೊತ್ತು. ಹಳದಿ ಬಣ್ಣ, ಣ ಅಕ್ಷರದ ಹತ್ತಿರ ತುಕ್ಕು. ಹಾಸ್ಟೆಲಿಗೆ ಸೇರುವ ಮೊದಲು ಅದರ ಕೆಳಗೆ ಅಪ್ಪನ ಪಕ್ಕದ ಸ್ಟೂಲಿನ ಮೇಲೆ ಕೂತು ನಾನು ಸ್ಲೇಟು ಬರೆಯುತ್ತಿದ್ದೆ.

ಆಮೇಲೆ ಮೇಡಂ ಲಗತ್ತಿಸಿದ್ದ ಬಿಲ್ಲು ನೋಡಿದರು. ನಗು ನಿಂತಿತು.

"ಇದೇನಪ್ಪಾ, ಒಂಬೈನೂರ ಇಪ್ಪತ್ತಕ್ಕೆ ಒಂಬೈನೂರ ಇಪ್ಪತ್ತೈದು ಕಟ್ಟಿದೀಯ?"

"ಪಾಸ್ ಮಾರ್ಕಿಗೆ ಐದು ಜಾಸ್ತಿ ಮೇಡಂ."

ಅವರು ಪೆನ್ನು ಕೆಳಗಿಟ್ಟರು. "ಮಿನಿಮಮ್ ಅನ್ನೋದು ಪಾಸ್ ಮಾರ್ಕ್ ಅಲ್ಲ ಮರಿ. ಅದು ಬರೀ ಹಾಜರಿ. ಕ್ಲಾಸಿಗೆ ಬಂದಿದೀಯ, ಓಡಿ ಹೋಗಿಲ್ಲ ಅಂತ. ಅಷ್ಟು ಕಟ್ಟಿದ್ರೆ ಲೇಟ್ ಅಂತ ಬರ್ಯಲ್ಲ. ಆದ್ರೆ ಉಳಿದಿದ್ದಕ್ಕೆ ತಿಂಗಳಿಗೆ ಮೂರೂವರೆ ಪರ್ಸೆಂಟ್ ಬಡ್ಡಿ ಓಡ್ತಿರುತ್ತೆ. ಹಳೇದು ಬಾಕಿ ಇಟ್ಕೊಂಡ್ರೆ ಹೊಸದಾಗಿ ಕೊಂಡಿದ್ದಕ್ಕೂ ಕೊಂಡ ದಿನದಿಂದಲೇ ಬಡ್ಡಿ. ಚಾರ್ಜು ಅಂತ ಇದೆಯಲ್ಲ ಸಾವಿರದ ಎಪ್ಪತ್ತು, ಇದೇ ಅದು."

"ಮತ್ತೆ... ಎಂಬತ್ನಾಲ್ಕು ಪರ್ಸೆಂಟು?"

"ಅದೇ ನಿಮ್ಮಕ್ಕನ ಸ್ಕೋರ್ ತಿಂದಿದ್ದು. ಮಿತಿ ಇದೆ ಅಂತ ತುದಿವರೆಗೂ ಬಳಸಿದ್ರೆ, ಇವರಿಗೆ ಕೈ ಕಟ್ಟಿಹೋಗಿದೆ ಅಂತ ಅರ್ಥ. ಮೂರರಲ್ಲಿ ಒಂದು ಭಾಗ ದಾಟದೇ ಇದ್ರೆ ಒಳ್ಳೇದು. ಕಾರ್ಡ್ ಮೇಲೆ ನಿನ್ನ ಹೆಸರಿದ್ರೂ ಎಲ್ಲಾ ನಿಮ್ಮಕ್ಕನ ರಿಪೋರ್ಟಿಗೇ ಹೋಗುತ್ತೆ."

ನನ್ನ ರಿಪೋರ್ಟ್ ಅಲ್ಲ. ಅಕ್ಕನದು. ಹತ್ತು ವರ್ಷ ನನ್ನ ರಿಪೋರ್ಟಿನ ಬಗ್ಗೆ ಹೆದರಿದ್ದೇನೆ. ಇದು ಅದಕ್ಕಿಂತ ಕೆಟ್ಟದಾಗಿತ್ತು.

"ಉಳಿದ ದುಡ್ಡು ಏನು ಮಾಡ್ದೆ? ಖರ್ಚಾಯ್ತಾ?"

"ಹಾಗೇ ಇದೆ ಮೇಡಂ. ಮಂಚಕ್ಕೆ."

ಮಂಚದ ಕಥೆ ಹೇಳಿದೆ. ಅವರು ಕನ್ನಡಕ ತೆಗೆದು ಮತ್ತೆ ತಲೆ ಮೇಲಿಟ್ಟುಕೊಂಡರು. "ಹೋಗು, ಮೊದಲು ಅಕ್ಕನಿಗೆ ಹೇಳು. ಇವತ್ತೇ ಪೂರ್ತಿ ಕಟ್ಟಿ. ಮುಂದಿನ ಬಿಲ್ಲು ಎರಡನೇ ತಾರೀಕು ಬರುತ್ತೆ, ಅದಾದ್ಮೇಲೆ ರಿಪೋರ್ಟಲ್ಲಿ ಸರಿಹೋಗುತ್ತೆ. ಹದಿನೈದರ ಮೇಲೆ ಮತ್ತೆ ಅರ್ಜಿ ಹಾಕ್ಲಿ. ಕೊಡೆ ತಗೊಂಡು ಹೋಗಪ್ಪಾ, ಇಲ್ಲಿ ಯಾಕೆ?"

ಸೀದಾ ಆಸ್ಪತ್ರೆಗೆ ಹೋದೆ. ದಾರಿಯಲ್ಲಿ ಎರಡು ಸಲ ವಾಪಸ್ ತಿರುಗಿದೆ. ಮೂರು ಸಲ ಮುಂದಕ್ಕೆ ತಿರುಗಿದೆ.

ಅಕ್ಕನ ರೂಮಿನಲ್ಲಿ ಮಂಚದ ಮೇಲೆ ಒಬ್ಬರು ರಿಟೈರ್ಡ್ ಲೆಕ್ಕದ ಮೇಷ್ಟ್ರು ಬೋರಲು ಮಲಗಿದ್ದರು. ಮುಖ ತೂತಿನೊಳಗೆ. ಅಕ್ಕ ಅವರ ಸೊಂಟ ಒತ್ತುತ್ತಿದ್ದಳು.

"ಏನೋ ಇಲ್ಲಿ? ಮುಖ ಯಾಕೆ ಹಾಗಿದೆ? ಅಪ್ಪನಿಗೆ ಏನಾದ್ರೂ..."

"ಅಪ್ಪ ಚೆನ್ನಾಗಿದಾರೆ. ಅಕ್ಕಾ, ಬಿಲ್ಲು ಪೂರ್ತಿ ಕಟ್ಟಿಲ್ಲ."

ಅವಳ ಹೆಬ್ಬೆರಳು ನಿಂತಿತು. "ಎಷ್ಟು ಕಟ್ಟಿದೆ?"

"ಹದಿನೆಂಟು ಸಾವಿರದ ನಾನೂರಕ್ಕೆ... ಒಂಬೈನೂರ ಇಪ್ಪತ್ತೈದು."

"ಆಆಆ!" ಅಂದರು ಮೇಷ್ಟ್ರು ಕೆಳಗಿನಿಂದ. ಅಕ್ಕನಿಗೆ ತಾನು ಒತ್ತುತ್ತಿರುವುದು ಗೊತ್ತಾಗಿರಲಿಲ್ಲ.

"ಎರಡನೇ ತಿಂಗಳು?"

"ಮೂವತ್ಮೂರು ಸಾವಿರದ ಐನೂರ ನಲವತ್ತೈದಕ್ಕೆ ಸಾವಿರದ ಆರುನೂರ ಎಂಬತ್ತೆರಡು."

"ಅಮ್ಮಾ ತಾಯೀ" ಅಂದರು ಮೇಷ್ಟ್ರು. ಆಮೇಲೆ ತೂತಿನಿಂದಲೇ, "ಬಡ್ಡಿ ಎಷ್ಟಪ್ಪಾ?"

"ಮೂರೂವರೆ ಪರ್ಸೆಂಟ್ ಸರ್."

"ವರ್ಷಕ್ಕಾ?"

"ತಿಂಗಳಿಗೆ."

"ಅಯ್ಯಯ್ಯೋ!"

"ಈ ಸಲ ನಾನು ಒತ್ತೇ ಇಲ್ಲ ಸರ್" ಅಂದಳು ಅಕ್ಕ.

"ಇದು ಲೆಕ್ಕಕ್ಕೆ ಕೂಗಿದ್ದಮ್ಮಾ. ನೀನು ಮುಂದುವರಿಸು. ನೀನೂ ಹೇಳಪ್ಪಾ."

ಎಲ್ಲ ಹೇಳಿದೆ. ಪಾಸ್ ಮಾರ್ಕು, ಡಿಸ್ಟಿಂಕ್ಷನ್ನು, ಬ್ಯಾಗು, ಕೊಡೆ. ಮಂಚ ಅಂದಾಗ ಅಕ್ಕ ಗೋಡೆ ಕಡೆ ತಿರುಗಿದಳು.

"ಯಾಕೋ ಒಂದು ಮಾತು ಕೇಳ್ಲಿಲ್ಲ? ಒಂದೇ ಮನೇಲಿ ಇದೀವಿ. ಮಿನಿಮಮ್ ಅಂದ್ರೆ ಏನಕ್ಕಾ ಅಂತ. ಮೂರು ಪದ."

"ಕೇಳಿದ್ರೆ, ಗೊತ್ತಿಲ್ಲ ಅಂತ ಗೊತ್ತಾಗುತ್ತಲ್ಲ."

ಮೇಷ್ಟ್ರು ತೂತಿನಿಂದ ಮುಖ ಎತ್ತಿ ನನ್ನನ್ನು ನೋಡಿ, ಮತ್ತೆ ಒಳಗಿಟ್ಟರು.

"ಮನೆಗೆ ಹೋಗು" ಅಂದಳು ಅಕ್ಕ, ಗೋಡೆ ಕಡೆ ನೋಡಿಕೊಂಡೇ. "ಸಂಜೆ ಬಂದು ವಿಚಾರಿಸ್ಕೋತೀನಿ."

ಸಂಜೆ ಬಂದಳು. ಫಂಡಿನ 30,793ನ್ನು ನನ್ನ ಕೈಯಿಂದಲೇ ಕಟ್ಟಿಸಿ, ಮಿಕ್ಕಿದ್ದನ್ನು ಅವಳೇ ಕಟ್ಟಿದಳು. ಇಪ್ಪತ್ತು ನಿಮಿಷ ಬೈದಳು, ಟೈಂ ನೋಡಿದೆ. ಆಮೇಲೆ ಎರಡು ಮೊಟ್ಟೆ ಒಡೆದು ಹುರಿದು ನನ್ನ ತಟ್ಟೆಗೆ ಹಾಕಿ, "ಬಡಿಸಿದ್ದೀನಿ ಅಂತ ಪೂರ್ತಿ ತಿನ್ಬೇಕಿಲ್ಲ, ಸಾಕಾದ್ರೆ ಬಿಡು" ಅಂದಳು.

ವಿಚಾರಿಸಿಕೊಳ್ಳುವುದು ಅನ್ನುವ ಪದಕ್ಕೆ ಎರಡು ಅರ್ಥ ಇದೆಯಂತೆ. ಇವತ್ತು ಎರಡೂ ಆಯಿತು.

ಸೆಪ್ಟೆಂಬರ್ 23, ಮಂಗಳವಾರ

ಮೂವತ್ತನೇ ತಾರೀಕಿಗೆ ಅಡ್ವಾನ್ಸ್ ಕೊಡಲು ಆಗುವುದಿಲ್ಲ. ತಾತ ಕಾಯಬೇಕು. "ನಾನು ಕೇಳಲ್ಲಪ್ಪಾ, ನಾಚಿಕೆ ಆಗುತ್ತೆ" ಅಂದಳು ಅಕ್ಕ. ನಾನು ಕೆಳಗಿಳಿದೆ.

ತಾತ ಕೀಲಿಕೈ ಅರ ಹಾಕುತ್ತಿದ್ದರು.

"ತಾತ, ಒಂದು ವಿಷಯ ಕೇಳ್ಬೇಕಿತ್ತು."

"ಕೇಳು. ಕೇಳೋಕೇ ಇಷ್ಟು ಬೆವರ್ತೀಯಲ್ಲ, ಕೊಡೋ ನಾನು ಬೆವರಬೇಕು."

ಆದದ್ದೆಲ್ಲ ಹೇಳಿ, ಅಕ್ಟೋಬರ್ ಇಪ್ಪತ್ತರವರೆಗೆ ಕಾಯುತ್ತೀರಾ ಅಂತ ಕೇಳಿದೆ. ಅವರು ಅರ ಪಕ್ಕಕ್ಕಿಟ್ಟು, ಮೂಲೆಯಲ್ಲಿದ್ದ ನಾಲ್ಕು ಡಬ್ಬ ತೋರಿಸಿದರು. ನಲವತ್ತು ವರ್ಷದಲ್ಲಿ ಜನ ಮಾಡಿಸಿ, ತೆಗೆದುಕೊಂಡು ಹೋಗದೆ ಬಿಟ್ಟ ಕೀಲಿಕೈಗಳು.

"ಅಳಿಯನಿಗೆ ಏನಾದ್ರೂ ನೆಪ ಹೇಳ್ಬೇಕಲ್ಲ. ಇವೆಲ್ಲಾ ವಿಂಗಡಿಸೋವರೆಗೂ ಅಂಗಡಿ ಖಾಲಿ ಆಗಲ್ಲ ಅಂತೀನಿ. ನೀನು ಬಂದು ವಿಂಗಡಿಸು. ಬೇಗ ಮಾಡ್ಬೇಡ."

"ಎಷ್ಟಿರಬಹುದು ತಾತ?"

"ಎಣಿಸಿದ್ರೆ ನಂಗೇ ಬೇಜಾರಾಗುತ್ತೆ."

ಅಕ್ಟೋಬರ್ 5, ಭಾನುವಾರ

1,112 ಕೀಲಿಕೈ ಆಯಿತು. ಅಳಿಯ ಬಂದು ನೋಡಿ ಹೋದ. ಇದು ಯಾವುದರದು, ಅದು ಯಾವುದರದು ಅಂತ ಪ್ರತಿಯೊಂದಕ್ಕೂ ತಾತನನ್ನು ಕೇಳುತ್ತೇನೆ. ತಾತನಿಗೂ ಅರ್ಧಕ್ಕರ್ಧ ಗೊತ್ತಿಲ್ಲ. "ಗೊತ್ತಿಲ್ಲ" ಅಂತ ಎಷ್ಟು ಆರಾಮಾಗಿ ಹೇಳುತ್ತಾರೆ ಮನುಷ್ಯ!

ಹೊಸ ಬಿಲ್ಲು ಬಂದಿದೆ: 6,200. ಹಳೆಯ ಬಡ್ಡಿಯ ಬಾಲ ಇನ್ನೂ ಸ್ವಲ್ಪ ಇತ್ತು. ಬಿಲ್ಲು ನೋಡಿದ ತಕ್ಷಣ ಪೂರ್ತಿ ಕಟ್ಟಿದೆ. ಕಾಲು ತಣ್ಣಗಾಗಲಿಲ್ಲ.

ಅಕ್ಟೋಬರ್ 17, ಶುಕ್ರವಾರ

744! ಸಾಲ ಮಂಜೂರು! ನಾಲ್ಕನೇ ಕೌಂಟರಿನ ಮೇಡಂ ಅಕ್ಕನಿಗೆ "ಕೊಡೆ ಹುಡುಗ ಹೇಗಿದಾನೆ?" ಅಂದರಂತೆ. ತಾತ ಕೀಲಿಕೈ ಗೊಂಚಲನ್ನು ಅಕ್ಕನ ಕೈಗೆ ಹಾಕಿ, ಆ ಭುಜ ಎತ್ತಿ ಆಶೀರ್ವಾದ ಮಾಡಿದರು. ಆಮೇಲೆ ನೋಡಿದರೆ ಗೊಂಚಲಿನಲ್ಲಿ ಷಟರಿನ ಕೀಲಿ ಇರಲಿಲ್ಲ. ನಾಲ್ಕೂ ಡಬ್ಬ ಮತ್ತೆ ಸುರಿದೆವು.

ನವೆಂಬರ್ 9

ಕ್ಲಿನಿಕ್ ಶುರುವಾಗಿ ಒಂದು ವಾರ. ಮೊದಲ ಪೇಶೆಂಟ್ ಲೆಕ್ಕದ ಮೇಷ್ಟ್ರು. ತೂತಿನೊಳಗಿಂದ ನನಗೆ ಇಂಟಿಗ್ರೇಷನ್ ಹೇಳಿಕೊಡುತ್ತಾರೆ. ಸಂಜೆ ಬಾಗಿಲ ಹತ್ತಿರದ ಮೇಜಿನಲ್ಲಿ ನಾನು ಕೂರುತ್ತೇನೆ. ಡಾಕ್ಟರ್ ಎಷ್ಟು ಗಂಟೆಗೆ, ಫೀಸ್ ಎಷ್ಟು, ಮೊಬೈಲ್ ಅಂಗಡಿ ಎಲ್ಲಿ ಅಂತ ಜನ ಕೇಳುತ್ತಾರೆ, ಹೇಳುತ್ತೇನೆ. ಟೈಂ ಇಲ್ಲ, ಡೈರಿ ಬರೆಯಲು ಆಗುತ್ತಿಲ್ಲ.

ಡಿಸೆಂಬರ್ 6, ಶನಿವಾರ

ಬೆಳಿಗ್ಗೆ ಅಪ್ಪನ ಫೋನು. ದನಿ ನಡುಗುತ್ತಿತ್ತು. ಅಪ್ಪ ಸ್ವಂತ ಹಿಸ್ಟರಿ ಮಾಡಿಕೊಳ್ಳಬೇಕು ಅಂತ ಹೋದ ತಿಂಗಳು ಬ್ಯಾಂಕಿನಲ್ಲಿ ಠೇವಣಿ ಇಟ್ಟು, ಅದರ ಆಧಾರದ ಮೇಲೆ ಒಂದು ಕಾರ್ಡ್ ತೆಗೆದುಕೊಂಡಿದ್ದರು. ಅಮ್ಮನಿಗೆ ಫ್ರಿಜ್ ಬಂದಿತ್ತು.

"ಮರಿ, ನಿಮ್ಮಕ್ಕನಿಗೆ ಹೇಳ್ಬೇಡ. ನನ್ನ ಮೇಲೆ ಏನೋ ಸ್ಟೇಟ್‌ಮೆಂಟ್ ಬಂದಿದೆ. ಡಿಪೋದಲ್ಲಿ ಸ್ಟೇಟ್‌ಮೆಂಟ್ ಅಂದ್ರೆ ಸಸ್ಪೆಂಡ್ ಮಾಡೋ ಮುಂಚೆ ತಗೊಳ್ಳೋದು. ನಾನೇನೂ ಮಾಡಿಲ್ಲಪ್ಪಾ."

"ಅಪ್ಪಾ, ಅದು ಬರೀ ಬಿಲ್ಲು. ಹೆದರ್ಬೇಡಿ. ಮೆಸೇಜ್ ಓದಿ, ನಾನು ಹೇಳ್ತೀನಿ."

ಒಂದೊಂದೇ ಸಾಲು ಓದಿದರು. ಇದೇನು, ಅದೇನು ಅಂತ ಕೇಳಿದರು; ಒಂದೊಂದಕ್ಕೂ ಹೇಳಿದೆ. ಎಲ್ಲರೂ ಬಂದು ಕೇಳುವುದು ಅಪ್ಪನನ್ನು. ಅಪ್ಪ ಯಾರನ್ನಾದರೂ ಏನಾದರೂ ಕೇಳಿದ್ದನ್ನು ನಾನು ಇವತ್ತೇ ಕೇಳಿದ್ದು.

"ಈಗ ಸಮಾಧಾನ ಆಯ್ತು" ಅಂದರು. "ಮತ್ತೆ ಆ ಕನಿಷ್ಠ ಬಾಕಿ ಇತ್ತಲ್ಲ, ಏನೋ ದಂಡ ಇರಬೇಕು ಅಂತ ಹೆದರಿ ಅದನ್ನ ನಿನ್ನೆನೇ ಕಟ್ಟಿಬಿಟ್ಟೆ. ಅಷ್ಟೇ ಕಟ್ಟಿದ್ರೆ ಚೆನ್ನಾಗಿರಲ್ಲ ಅಂತ, ಮರ್ಯಾದೆಗೆ ಐದು ಸೇರಿಸಿದೀನಿ."

ನಾನು ಕುರ್ಚಿಯಿಂದ ಎದ್ದು ಚಪ್ಪಲಿ ಹುಡುಕಿದೆ.

"ಅಪ್ಪಾ, ಏನೂ ಮಾಡ್ಬೇಡಿ, ನಾನೇ ಬರ್ತಿದೀನಿ. ಊರಿಗೆ ಮುಂದಿನ ಬಸ್ಸು ಎಷ್ಟು ಗಂಟೆಗೆ?"

"ಹತ್ತೂ ನಲವತ್ತು, ಪ್ಲಾಟ್‌ಫಾರಂ ಮೂರು" ಅಂದರು. ದನಿ ಒಂದಿಷ್ಟೂ ನಡುಗಲಿಲ್ಲ. "ಎಡಗಡೆ ಕಿಟಕಿ ಹಿಡಿ, ಬಲಗಡೆ ಬಿಸಿಲು."